ಮದ್ದು ಕೊಟ್ಟವಳು

ನಾನು ಹುಟ್ಟಿ ಬೆಳೆದದ್ದು ಪಾವಗಡ ತಾಲ್ಲೂಕಿನ ನಿಡುಗಲ್ ಕಡೆ. ನಮ್ಮ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಆಡುವವರಿಗೇ ಗೊತ್ತಾಗುವುದಿಲ್ಲ. ಔಷಧಿಗೆ ನಾವು ಮಂದು ಎನ್ನುತ್ತೇವೆ. ಜ್ವರಕ್ಕೆ ಮಂದು, ಕಡಲೆಕಾಯಿ ಗಿಡದ ಹುಳಕ್ಕೆ ಮಂದು, ಗಂಡಸರು ಕುಡಿದು ಬಂದರೆ ಅದೂ ಮಂದೇ. ಮದುವೆಯಾಗಿ ಮಧುಗಿರಿಗೆ ಬಂದ ಮೊದಲ ವಾರ, ಅತ್ತೆಗೆ ತಲೆನೋವೆಂದಾಗ ಮಂದು ತಗೊಳ್ಳಿ ಎಂದುಬಿಟ್ಟೆ. ಮನೆಯೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ನನ್ನ ವಾರಗಿತ್ತಿ, ಭಾವನ ಹೆಂಡತಿ. ಅವಳನ್ನು ನಾನು ಅಕ್ಕ ಎನ್ನುತ್ತೇನೆ. ಇಪ್ಪತ್ತು ವರ್ಷ ಕಳೆದರೂ ಆ ಮಾತು ನನ್ನ ನಾಲಿಗೆ ಬಿಟ್ಟಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಶುದ್ಧ ಕನ್ನಡ ಕಲಿಸುವ ಮೇಡಂ ನಾನು. ಮನೆಗೆ ಬಂದು ಚಪ್ಪಲಿ ಬಿಟ್ಟರೆ ಮತ್ತೆ ಮಂದು.

ಮಧುಗಿರಿ ಕಡೆ ಮದ್ದು ಎಂದರೆ ಬೇರೆ ಲೆಕ್ಕ. ಔಷಧಿಗೂ ಮದ್ದು ಎನ್ನುತ್ತಾರೆ, ಆದರೆ ದನಿ ಇಳಿಸಿ ಹೇಳಿದರೆ ಅದು ಊಟದಲ್ಲಿ ಹಾಕುವ ಮದ್ದು. ಹೊಟ್ಟೆಕಿಚ್ಚಿನವರು ಯಾರೋ ಅನ್ನಕ್ಕೋ ಸಾರಿಗೋ ಏನನ್ನೋ ಬೆರೆಸಿ ತಿನ್ನಿಸುತ್ತಾರಂತೆ. ಅದು ಹೊಟ್ಟೆಯಲ್ಲಿ ಗಂಟಾಗಿ ಕೂತುಬಿಡುತ್ತದಂತೆ, ತಿಂದವರು ದಿನದಿನಕ್ಕೆ ಒಣಗುತ್ತಾರಂತೆ. ತೆಗೆಯುವವರೂ ಇದ್ದಾರೆ. ಬರಿಹೊಟ್ಟೆಗೆ ಸೊಪ್ಪಿನ ರಸ ಕುಡಿಸಿ, ವಾಂತಿ ಮಾಡಿಸಿ, ಬಂದ ಗಂಟನ್ನು ಎಲೆಯ ಮೇಲಿಟ್ಟು ತೋರಿಸುತ್ತಾರೆ. ನಾನು ಇದನ್ನು ನಂಬಿದವಳಲ್ಲ, ನಂಬುವವರ ಜೊತೆ ಜಗಳ ಆಡಿದವಳೂ ಅಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಜಗಳಕ್ಕೆ ಬೇರೆ ಕಾರಣಗಳು ಬೇಕಾದಷ್ಟು ಸಿಗುತ್ತಿದ್ದವು.

ನಮ್ಮದೂ ಭಾವನದೂ ಒಂದೇ ಗೋಡೆಯ ಎರಡು ಮನೆ, ಮೇಲೆ ಒಂದೇ ತಾರಸಿ. ಅವರಿಗೆ ಒಬ್ಬನೇ ಮಗ. ಶಿರಾದಲ್ಲಿ ಡಿಪ್ಲೊಮಾ ಓದುತ್ತಿದ್ದ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಆಗ ಹತ್ತೊಂಬತ್ತು ತುಂಬಿತ್ತು. ಅವನು ಎರಡು ಮನೆಯಲ್ಲೂ ಬೆಳೆದ ಹುಡುಗ. ತಾಯಿಯ ಮನೆಯಲ್ಲಿ ಮುದ್ದೆ ತಿಂದೂ ನನ್ನ ಉಪ್ಪುಸಾರಿಗೆ ಬಂದು ಮತ್ತೊಂದು ಮುದ್ದೆ ತಿನ್ನುತ್ತಿದ್ದ. ನನಗೆ ಅದರಲ್ಲಿ ಒಳಗೊಳಗೇ ಖುಷಿ. ಮಾರ್ಕ್ಸು ಕಡಿಮೆ ಬಂದರೆ ಮೊದಲು ನನಗೆ ಹೇಳುತ್ತಿದ್ದ, ಆಮೇಲೆ ಅವರಮ್ಮನಿಗೆ. ಆ ಕ್ರಮ ನನಗೆ ಬಹಳ ಇಷ್ಟವಾಗಿತ್ತು, ಈಗ ಹೇಳಿಕೊಳ್ಳಲು ನಾಚಿಕೆಯಾದರೂ ನಿಜ.

ಗಣೇಶನ ಹಬ್ಬದ ಹೊತ್ತಿಗೆ ಅವನಿಗೆ ಕೆಮ್ಮು ಬಂತು. ನಿಜವಾದ ಕೆಮ್ಮೇ. ಒಂದು ಕೆಮ್ಮಿನ ಸಿರಪ್ಪು ತಂದುಕೊಟ್ಟೆ, ಹೋಯಿತು. ಹದಿನೈದು ದಿನಕ್ಕೆ ಮತ್ತೆ ಕೇಳಿದ. ಹುಡುಗರು ಹೋದರೆ ಮೆಡಿಕಲ್ ಅಂಗಡಿಯಲ್ಲಿ ಡಾಕ್ಟರ್ ಚೀಟಿ ಕೇಳುತ್ತಾರೆ, ನೀನು ಹೋದರೆ ಮೇಡಂ ಅಂತ ಸುಮ್ಮನೆ ಕೊಡುತ್ತಾರೆ ಎಂದ. ಅಂಗಡಿಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಕೇಳಿದ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ, ಎದ್ದು ನಿಂತು ಕೊಟ್ಟ. ಅವನು ಎದ್ದು ನಿಂತದ್ದಕ್ಕೆ ನನಗೆ ಸಂತೋಷವಾಗಿತ್ತು. ಹೀಗೆ ಮೂರು ಸಲ ತಂದೆ.

ದೀಪಾವಳಿಯ ಮರುದಿನ ತಾರಸಿಯ ಮೇಲಿನ ನೀರಿನ ಮೋಟರು ಓಡಲಿಲ್ಲ. ಸ್ಟಾರ್ಟರಿನ ಮರದ ಪೆಟ್ಟಿಗೆ ತೆಗೆದೆ. ಒಳಗೆ ಹನ್ನೊಂದು ಖಾಲಿ ಬಾಟಲಿ, ಎಲ್ಲವೂ ಅದೇ ಸಿರಪ್ಪಿನವು. ಮೂರು ನಾನು ತಂದವು, ಉಳಿದವು ಎಲ್ಲಿಯವು? ತರಗತಿಯಲ್ಲಿ ಹಿಂದಿನ ಬೆಂಚಿನವನು ಬಾಯಿಗೆ ಹುಣಸೆಹಣ್ಣು ಹಾಕಿಕೊಂಡರೆ ಬೋರ್ಡಿನ ಕಡೆ ತಿರುಗಿಕೊಂಡೇ ಕಂಡುಹಿಡಿಯುವವಳು ಎಂದು ಶಾಲೆಯಲ್ಲಿ ನನಗೆ ಹೆಸರು. ದಿನಾ ನನ್ನ ಕಣ್ಣೆದುರು ಊಟಕ್ಕೆ ಕೂರುತ್ತಿದ್ದವನದು ನನಗೆ ಕಾಣಿಸಿರಲಿಲ್ಲ.

ಅವನನ್ನು ತಾರಸಿಗೆ ಕರೆದು ಬಾಟಲಿ ತೋರಿಸಿದೆ. ಮೊದಲು ಫ್ರೆಂಡಿನದು ಎಂದ. ಕೆನ್ನೆಗೆ ಒಂದು ಬಿಟ್ಟೆ. ಆಮೇಲೆ ಎಲ್ಲ ಹೇಳಿದ. ಕಾಲೇಜಿನ ಇಬ್ಬರು ಕಲಿಸಿದರಂತೆ, ಒಂದೇ ಸಲಕ್ಕೆ ಅರ್ಧ ಬಾಟಲಿ ಕುಡಿದರೆ ತಲೆ ಹಗುರಾಗುತ್ತದಂತೆ, ಪರೀಕ್ಷೆಯ ಭಯ ಹೋಗುತ್ತದಂತೆ. ಮೊದಲು ಭಾನುವಾರ ಮಾತ್ರ, ಈಗ ದಿನಾ. ನಾನು ಅಳುತ್ತಿದ್ದೆನೋ ಬೈಯುತ್ತಿದ್ದೆನೋ ನೆನಪಿಲ್ಲ. ಅವನು ನನ್ನ ಕೈ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ.

“ನಿನ್ನಾಣೆ ಚಿಕ್ಕಮ್ಮ, ಇನ್ ಮುಟ್ಟಾಕಿಲ್ಲ. ಅಪ್ಪಂಗೆ ಮಾತ್ರ ಹೇಳ್ಬುಡ್ಬ್ಯಾಡ.”

ಹೇಳುವುದಿಲ್ಲ ಎಂದೆ. ಭಾವ ಒಳ್ಳೆಯವರು, ಆದರೆ ಕೈ ಸೊಂಟದ ಬೆಲ್ಟಿಗೆ ಹೋದರೆ ಮುಂದಿನದು ಅವರ ಕೈಯಲ್ಲೂ ಇರುವುದಿಲ್ಲ. ಅದೊಂದು ಕಾರಣ. ಇನ್ನೊಂದು ಕಾರಣವೂ ಇತ್ತು. ಆ ಗುಟ್ಟನ್ನು ಅವನು ತಾಯಿಗಲ್ಲ, ನನಗೆ ಹೇಳಿದ್ದ. ಹತ್ತು ಬಾಟಲಿ ಕಸದ ಗಾಡಿಗೆ ಹಾಕಿ ಒಂದನ್ನು ನನ್ನ ಬೀರುವಿನಲ್ಲಿ ಸೀರೆಗಳ ಹಿಂದೆ ಇಟ್ಟೆ. ಯಾಕೆ ಇಟ್ಟೆನೋ ಆಗ ಗೊತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಓಡಾಟ. ಬೆಳಿಗ್ಗೆ ಎದ್ದು ತಾರಸಿಗೆ, ಶಾಲೆಗೆ ಹೊರಡುವ ಮುಂಚೆ ತಾರಸಿಗೆ, ಬಂದ ತಕ್ಷಣ ಚಪ್ಪಲಿಯಲ್ಲೇ ತಾರಸಿಗೆ. ಪೆಟ್ಟಿಗೆ ಖಾಲಿ ಇದ್ದರೆ ಅವನು ಬೇರೆ ಜಾಗ ಹುಡುಕಿದ್ದಾನೆ ಎಂಬ ಅನುಮಾನ. ಊಟ ಬಡಿಸುವಾಗ ಬಗ್ಗಿ ಬಾಯಿಯ ವಾಸನೆ ನೋಡುತ್ತಿದ್ದೆ. ಶಾಲೆಯಲ್ಲಿ ಮಗ್ಗಿ ಹೇಳಿಸುತ್ತ ಏಳೆಂಟಲ ದಾಟಿದ ಮೇಲೆ ಎಲ್ಲಿದ್ದೆ ಎಂದೇ ಮರೆಯುತ್ತಿತ್ತು, ಮಕ್ಕಳು ನನ್ನ ಮುಖ ನೋಡುತ್ತ ನಿಲ್ಲುತ್ತಿದ್ದವು. ಒಮ್ಮೆ ಇಂಥದ್ದಕ್ಕೆ ಸಲಹೆ ಕೊಡುವ ನಂಬರು ಹುಡುಕಿ, ಶಾಲೆಯ ಕಾಂಪೌಂಡಿನ ಹಿಂದೆ ನಿಂತು ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಸಮಾಧಾನವಾಗಿ ಎಲ್ಲ ಕೇಳಿ, ಮನೆಯವರಿಗೆ ಗೊತ್ತಾ ಎಂದಳು. ನಾನು ಫೋನ್ ಇಟ್ಟುಬಿಟ್ಟೆ.

ಅವನು ಮುಟ್ಟದೆ ಇದ್ದದ್ದು ಒಂಬತ್ತು ದಿನ. ಸಂಕ್ರಾಂತಿ ಹೊತ್ತಿಗೆ ಹುಡುಗ ಹುಡುಗನಾಗಿ ಉಳಿದಿರಲಿಲ್ಲ. ಹಗಲೆಲ್ಲ ನಿದ್ದೆ, ಎದ್ದರೆ ಮೈ ಕೆರೆತ, ಊಟ ಬೇಡ. ಬೆಲ್ಟಿಗೆ ಹೊಸ ತೂತು ಮಾಡಿಕೊಂಡಿದ್ದ. ಕೇಳಿದರೆ ಬಿಟ್ಟಿದ್ದೀನಿ ಚಿಕ್ಕಮ್ಮ ಎನ್ನುತ್ತಿದ್ದ, ನಾನು ನಂಬಿದಂತೆ ನಟಿಸುತ್ತಿದ್ದೆ. ಅಕ್ಕ ಮಗನ ಕೈಕಾಲು ನೋಡಿ ಹೌಹಾರಿದಳು. ರಕ್ತ ಪರೀಕ್ಷೆ ಮಾಡಿಸಿದರೆ ಏನೂ ಇಲ್ಲ ಎಂದು ಬಂತು. ಏನೂ ಇಲ್ಲ ಎಂದ ಮೇಲೆ ನಮ್ಮ ಬೀದಿಯಲ್ಲಿ ಉಳಿಯುವುದು ಒಂದೇ. ಮದ್ದು ಬಿದ್ದಿದೆ ಎಂದರು. ಹೊರಗೆ ಎಲ್ಲಿ ಊಟ ಮಾಡುತ್ತಾನೆ ಎಂದು ಕೇಳಿದರು. ಹೊರಗೆ ಅವನು ಊಟ ಮಾಡುತ್ತಿದ್ದದ್ದು ಒಂದೇ ಮನೆಯಲ್ಲಿ.

ಅಕ್ಕ ಒಂದು ಸಂಜೆ ನನ್ನ ಅಡುಗೆಮನೆಗೆ ಬಂದು ನಿಂತಳು. ಕೂತ್ಕೊ ಎಂದರೆ ಕೂರಲಿಲ್ಲ. ಅವನಿಗೆ ಏನು ತಿನ್ನಿಸ್ತಿದ್ದೆ ಎಂದು ಕೇಳಿದಳು. ಆ ಪ್ರಶ್ನೆಯ ಹಿಂದಿನದು ನನಗೆ ಹೊಳೆಯಲೇ ಇಲ್ಲ. ನನಗೆ ಬಂದದ್ದು ಒಂದೇ ಯೋಚನೆ: ಇವತ್ತು ಹೇಳಿಬಿಡುತ್ತೇನೆ, ಇನ್ನು ನನ್ನ ಕೈಲಿ ಆಗುವುದಿಲ್ಲ. ತಿಂಗಳುಗಳಿಂದ ಗಂಟಲಲ್ಲಿ ಕೂತಿದ್ದು ಹೊರಗೆ ಬಂತು. ಬರುವಾಗ ನನ್ನ ತವರಿನ ಮಾತಿನಲ್ಲೇ ಬಂತು.

“ಕೆಮ್ಮಿಗೆ ಅಂತ ಮೂರ್ ಸಲ ನಾನೇ ಮಂದು ತಂದ್ಕೊಟ್ಟೆ ಅಕ್ಕ.”

ಮುಂದಿನ ಮಾತು ಆಡಲು ಅವಳು ಬಿಡಲಿಲ್ಲ. ಇಪ್ಪತ್ತು ವರ್ಷ ಆ ಪದಕ್ಕೆ ನಕ್ಕವಳು ಅವತ್ತು ನಗಲಿಲ್ಲ. ನನ್ನ ಬಾಯಲ್ಲಿ ಮಂದು ಎಂದರೆ ಏನೆಂದು ಆ ಮನೆಯ ಕೂಸಿಗೂ ಗೊತ್ತು, ಅವಳಿಗೆ ಗೊತ್ತಿಲ್ಲವೇ? ಆದರೆ ಹೆದರಿದ ತಾಯಿಯ ಕಿವಿಗೆ ಬೇಕಾಗಿದ್ದದ್ದೇ ಬಿತ್ತು. ನೀನೇ ಒಪ್ಕೊಂಡೆಯಲ್ಲ ಎಂದು ಹೇಳಿ ಹೊರಟುಹೋದಳು. ನಾನು ಹಿಂದೆಯೇ ಓಡಿದೆ. ಕದ ಹಾಕಿಕೊಂಡಿದ್ದಳು. ಕದದ ಮುಂದೆ ನಿಂತು ಬಾಟಲಿ, ಸಿರಪ್ಪು, ಕಾಲೇಜು ಎಂದು ಏನೇನೋ ಕೂಗಿದೆ. ಒಳಗಿಂದ ಭಾವ, ಸಾಕು ಮಾಡಮ್ಮ, ಮಗನ ಮೇಲೆ ಇನ್ನೊಂದು ಹೊರಿಸಬೇಡ ಎಂದರು. ಮದ್ದು ಹಾಕಿದವಳು ತಪ್ಪಿಸಿಕೊಳ್ಳಲು ಮಗುವಿನ ಮೇಲೆ ಕುಡಿತದ ಮಾತು ಹೊರಿಸುತ್ತಿದ್ದಾಳೆ ಎಂದು ಅವರಿಗೆ ಅನ್ನಿಸಿತ್ತು. ಹುಡುಗ ಒಳಗೇ ಇದ್ದ. ಅವನು ಬಾಯಿ ಬಿಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ನಾನು ಹಿಂದೆ ಕಳಿಸಿದ್ದ ಸಾರಿನ ಬಟ್ಟಲು ನನ್ನ ಹೊಸಿಲ ಮೇಲೆ ಇತ್ತು. ಸಾರು ಹಾಗೇ ಇತ್ತು, ಮೇಲೆ ಬೂಸ್ಟು ಬಂದಿತ್ತು. ನನ್ನ ಯಜಮಾನರು ಅಣ್ಣನ ಜೊತೆ ಮಾತು ಕೆಡಬಾರದೆಂದು ಬಾಯಿಗೆ ಬೀಗ ಹಾಕಿಕೊಂಡು ಕೊರಟಗೆರೆಯ ಗ್ಯಾರೇಜಿಗೆ ಹೊರಟರು. ಅವರ ಮೇಲೂ ರೇಗಿದೆ.

ಹುಡುಗನನ್ನು ಮನೆಯಿಂದ ಹೊರಗೆ ಬಿಡುವುದು ನಿಂತಿತು. ಹೊರಗೆ ಹೋಗದೆ ಬಾಟಲಿ ಎಲ್ಲಿಂದ ಬರಬೇಕು? ಎರಡನೇ ದಿನಕ್ಕೆ ಗೋಡೆಯಾಚೆ ಅವನು ಹೊರಳಾಡುವುದು ಕೇಳಿಸಿತು. ಕಾಲನ್ನು ಮಂಚಕ್ಕೆ ಬಡಿಯುತ್ತಿದ್ದ. ಕಿಟಕಿಯಿಂದ ಕಂಡಾಗ ಕಣ್ಣು ಮೂಗು ಸುರಿಯುತ್ತಿತ್ತು, ಬಿಸಿಲಿನಲ್ಲೂ ಕಂಬಳಿ ಹೊದ್ದಿದ್ದ. ನಾನು ಫೋನಿನಲ್ಲಿ ಓದಿ ತಿಳಿದಿದ್ದೆ, ದಿನಾ ಕುಡಿದವರು ತಟ್ಟನೆ ನಿಲ್ಲಿಸಿದರೆ ಹೀಗಾಗುತ್ತದೆ, ಡಾಕ್ಟರು ಬೇಕು ಎಂದು. ಆ ಮನೆಯಲ್ಲಿ ಮದ್ದು ಒಳಗೆ ಕೆರಳಿದೆ ಎಂದು ಮಾತಾಡಿಕೊಳ್ಳುತ್ತಿದ್ದರು.

ಭಾನುವಾರ ಬೆಳಿಗ್ಗೆ ಆಟೋ ಬಂತು. ಮದಲೂರಿನ ಆಚೆ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವ ಮುದುಕ ಇದ್ದಾನೆಂದು, ಹುಡುಗನನ್ನು ಇಬ್ಬರೂ ಹಿಡಿದು ಕೂರಿಸಿದರು. ಅವನಿಗೆ ನಿಲ್ಲುವ ಶಕ್ತಿ ಇರಲಿಲ್ಲ. ಈ ಸ್ಥಿತಿಯಲ್ಲಿ ಇನ್ನೂ ವಾಂತಿ ಮಾಡಿಸಿದರೆ ಏನಾದೀತು? ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆಯ ಮೇಲಿದ್ದ ಹಾಲು ಇಳಿಸಿದೆನೋ ಇಲ್ಲವೋ, ಬೀರು ತೆಗೆದು ಆ ಬಾಟಲಿಯನ್ನು ಬ್ಯಾಗಿಗೆ ಹಾಕಿ ಬಸ್ ಸ್ಟ್ಯಾಂಡಿಗೆ ಓಡಿದೆ. ಶಿರಾದವರೆಗೆ ನಿಂತೇ ಹೋದೆ, ಸೀಟು ಖಾಲಿ ಇದ್ದವು. ಶಿರಾದಲ್ಲಿ ಇನ್ನೊಂದು ಬಸ್ಸು. ಅದು ಪ್ರತಿ ಗೇಟಿನಲ್ಲೂ ನಿಂತಿತು. ಡ್ರೈವರು ಇಳಿದು ಬೀಡಿ ಹಚ್ಚಿದಾಗ ನಾನು ಕಿಟಕಿಯಿಂದ ಬೈದೆ. ಮದಲೂರು ಕೆರೆಯ ಏರಿ ದಾಟಿ, ಕೇಳಿಕೊಂಡು ಕೇಳಿಕೊಂಡು ಆ ಮನೆ ಸೇರುವಷ್ಟರಲ್ಲಿ ಹನ್ನೊಂದಾಗಿತ್ತು.

ಹೊಂಗೆಮರದ ಕೆಳಗೆ ಏಳೆಂಟು ಜನ ಕಾಯುತ್ತಿದ್ದರು. ಹುಡುಗ ಜಗುಲಿಯ ಮೇಲೆ ಮಲಗಿದ್ದ. ಒಂದು ಸಲ ರಸ ಕುಡಿಸಿ ಆಗಿತ್ತು. ತುಟಿ ಒಡೆದು ಬೆಳ್ಳಗಾಗಿತ್ತು, ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಎಲೆಯ ಮೇಲೆ ಕಪ್ಪಗೆ ಏನೋ ಇತ್ತು. ಅಕ್ಕ ಅದನ್ನು ನೋಡಿ ಅಳುತ್ತಿದ್ದಳು, ಸಮಾಧಾನದ ಅಳು. ಪೂರ್ತಿ ಬಂದಿಲ್ಲ, ಇನ್ನೊಂದು ಲೋಟ ಕುಡಿಸಬೇಕು ಎಂದು ಮುದುಕ ಒಳಗೆ ಹೋಗಿದ್ದ.

ನನ್ನನ್ನು ನೋಡಿದ್ದೇ ಭಾವ ಎದ್ದು ಬಂದರು. ಬಾಟಲಿ ತೋರಿಸಿ, ಇದು ಮದ್ದಲ್ಲ, ನಿಮ್ಮ ಮಗ ಇದನ್ನು ಕುಡಿಯುತ್ತಾನೆ ಎಂದು ಹೇಳಲು ಬಾಯಿ ತೆಗೆದೆ. ಅವರ ಮುಖ ನೋಡಿದೆ. ಅದನ್ನು ಕದದ ಮುಂದೆ ನಿಂತು ಕೂಗಿ ಆಗಿತ್ತು, ಇನ್ನು ಸಾವಿರ ಸಲ ಕೂಗಿದರೂ ಅವರು ಕೇಳುವುದಿಲ್ಲ. ಅವರು ನನ್ನಿಂದ ಕೇಳಲು ತಯಾರಿದ್ದದ್ದು ಒಂದೇ ಮಾತು. ಮುದುಕ ಲೋಟ ಹಿಡಿದು ಹೊರಗೆ ಬಂದ. ನಾನು ಭಾವನನ್ನು ದಾಟಿ ಹೋಗಿ ಲೋಟಕ್ಕೆ ಕೈ ಅಡ್ಡ ಹಿಡಿದೆ.

“ಹೌದಕ್ಕ, ಮದ್ದು ಕೊಟ್ಟೋಳು ನಾನೇ. ಇಗೋ, ಇದೇ ಮದ್ದು.”

ಎಲ್ಲರೂ ಎದ್ದು ನಿಂತರು. ಯಾರೋ ಒಬ್ಬಳು ನನ್ನ ಮೇಲೆ ಉಗಿದಳು, ಸೀರೆಗೆ ಬಿತ್ತು. ಅಕ್ಕ ಕೂಗಲಿಲ್ಲ, ಹೊಡೆಯಲಿಲ್ಲ, ನನ್ನನ್ನೇ ನೋಡುತ್ತ ಮಗನ ಪಾದ ಹಿಡಿದು ಕೂತಳು. ನಾನು ಮುದುಕನಿಗೆ ಹೇಳಿದೆ: ಮೊದಲ ಬಾಟಲಿ ನಾನೇ ಕೊಟ್ಟೆ, ಆಮೇಲೂ ಕೊಟ್ಟೆ, ಈಗ ದಿನಾ ಕುಡಿಯುತ್ತಾನೆ, ನಾಲ್ಕು ದಿನದಿಂದ ಸಿಕ್ಕಿಲ್ಲ. ಇದನ್ನು ತೆಗೆಯುವುದು ನಿಮಗೆ ಗೊತ್ತಿದ್ದರೆ ತೆಗೆಯಿರಿ. ಮುದುಕ ಬಾಟಲಿಯನ್ನು ಹಿಂದೆ ಮುಂದೆ ತಿರುಗಿಸಿ, ಮೂಸಿ ನೋಡಿದ. ಆಮೇಲೆ ಹುಡುಗನ ಪಕ್ಕ ಕೂತು ರೆಪ್ಪೆ ಎತ್ತಿ ನೋಡಿದ. ಲೋಟದ ರಸವನ್ನು ಮರದ ಬುಡಕ್ಕೆ ಚೆಲ್ಲಿದ.

“ಹೊಟ್ಟೇದು ಆದ್ರೆ ನಾನ್ ತೆಗೀತೀನಿ ಕಣಮ್ಮ. ಇದು ಹೊಟ್ಟೇದಲ್ಲ. ಬಿರ್‍ರನೆ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ.”

ಈಚೆಗೆ ಇಂಥವರು ನಾಲ್ಕೈದು ಜನ ಬಂದಿದ್ದಾರೆ, ಎಲ್ಲ ಎಳೇ ಹುಡುಗರು ಎಂದ. ಅವನಿಗೆ ಸಿಟ್ಟು ಬರುತ್ತದೆಂದುಕೊಂಡಿದ್ದೆ. ಅವನೇ ಉಪ್ಪು ಸಕ್ಕರೆ ನೀರು ಕಲಸಿ ಹುಡುಗನಿಗೆ ಗುಟುಕು ಗುಟುಕಾಗಿ ಕುಡಿಸಿದ. ನಾನು ಹೇಳಿದ್ದನ್ನು ನಂಬದವರು ಅವನು ಹೇಳಿದ್ದನ್ನು ನಂಬಿದರು. ಆಟೋದಲ್ಲಿ ನನಗೆ ಜಾಗ ಕೊಡಲಿಲ್ಲ. ಬಸ್ಸಿನಲ್ಲಿ ಹಿಂದೆ ಹಿಂದೆಯೇ ತುಮಕೂರಿಗೆ ಹೋದೆ.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಡ್ರಿಪ್ ಹಾಕಿಸಿದರು, ಎಲ್ಲರನ್ನೂ ಆಚೆ ಕಳಿಸಿ ಅವನೊಬ್ಬನ ಜೊತೆ ಬಹಳ ಹೊತ್ತು ಮಾತಾಡಿದರು. ಅಪ್ಪ ಹೊಡೆಯದಂತೆ ತಾವು ನೋಡಿಕೊಳ್ಳುವುದಾಗಿ ಡಾಕ್ಟರು ಮಾತು ಕೊಟ್ಟ ಮೇಲೆ ಅವನು ಎಲ್ಲ ಹೇಳಿದನಂತೆ. ಆಮೇಲೆ ನಮ್ಮನ್ನು ಒಳಗೆ ಕರೆದು, ಇದು ಕಾಯಿಲೆ, ಬೈದರೆ ಹೋಗುವುದಲ್ಲ, ಬಹಳ ಜನ ಕೆಲಸ ಸಂಸಾರ ಎಲ್ಲ ಹಾಳಾದ ಮೇಲೆ ಬರುತ್ತಾರೆ, ನೀವು ಬೇಗ ಬಂದಿದ್ದೀರಿ ಎಂದರು. ಮೊದಲು ಯಾರಿಗೆ ಗೊತ್ತಾಯಿತು ಎಂದು ಕೇಳಿದರು. ನನಗೆ ಎಂದೆ. ಯಾವಾಗ ಎಂದರು. ದೀಪಾವಳಿಗೆ ಎಂದೆ. ಡಾಕ್ಟರು ಬರೆಯುತ್ತಿದ್ದವರು ತಲೆ ಎತ್ತಿ ನೋಡಿ, ಮತ್ತೆ ಬರೆದರು. ಅಕ್ಕ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಹತ್ತು ದಿನ ಆಸ್ಪತ್ರೆಯಲ್ಲಿದ್ದ. ಆಮೇಲೆ ವಾರಕ್ಕೊಮ್ಮೆ ಹೋಗಿ ಮಾತಾಡಿಸಿಕೊಂಡು ಬರಬೇಕು, ದಿನಾ ಬೆಳಿಗ್ಗೆ ಒಂದು ಮಾತ್ರೆ. ಅದನ್ನು ನುಂಗಬಾರದು, ನಾಲಿಗೆಯ ಕೆಳಗಿಟ್ಟು ಕರಗಿಸಬೇಕು. ಮಾತ್ರೆ ಅವನ ಕೈಯಲ್ಲಿರಬಾರದು, ಮನೆಯಲ್ಲಿ ಒಬ್ಬರು ಬೀಗದಲ್ಲಿಟ್ಟು, ಕಣ್ಣೆದುರು ಕರಗುವವರೆಗೆ ನೋಡಿ, ಬಾಯಿ ತೆಗೆಸಿ ಪರೀಕ್ಷಿಸಬೇಕು. ಯಾರ ಹತ್ತಿರ ಇರಲಿ ಎಂದು ಡಾಕ್ಟರು ಅವನನ್ನೇ ಕೇಳಿದರು.

“ಚಿಕ್ಕಮ್ಮನ ತಾವ ಇರ್ಲಿ” ಎಂದ.

ಆ ಹೊತ್ತು ಅಕ್ಕನ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಮಗನಿಗೆ ಮದ್ದು ಹಾಕಿದ ಕೈಯೇ ದಿನಾ ಅವನ ಬಾಯಿಗೆ ಮಾತ್ರೆ ಹಾಕುವುದನ್ನು ಅವಳು ನೋಡಬೇಕಾಯಿತು. ಬೆಳಿಗ್ಗೆ ಏಳಕ್ಕೆ ಅವನು ನನ್ನ ಬಾಗಿಲಿಗೆ ಬರುತ್ತಿದ್ದ, ಅವಳು ಹಿಂದೆ ಅಂಗಳದಲ್ಲೇ ನಿಲ್ಲುತ್ತಿದ್ದಳು. ನನ್ನ ಮನೆಯ ಒಂದು ಲೋಟ ನೀರೂ ಆ ಮನೆಗೆ ಹೋಗಲಿಲ್ಲ. ಬೀದಿಯಲ್ಲಿ ನಾನು ಮದ್ದು ಕೊಟ್ಟವಳೇ. ಅದನ್ನು ನಾನು ತಿದ್ದಲು ಹೋಗಲಿಲ್ಲ, ಹೋದರೂ ಎಷ್ಟೆಂದು ತಿದ್ದಲಿ?

ಯುಗಾದಿಯಾದ ಮೇಲೆ ಕೊರಟಗೆರೆಯಲ್ಲಿ ಗೆಳೆಯನ ಮದುವೆಗೆ ಹೋಗಿ ಬಂದ. ಮರುದಿನ ಬೆಳಿಗ್ಗೆ ಮಾತ್ರೆಗೆ ಬಾಯಿ ತೆಗೆಯುವ ಮುಂಚೆ, ನಿನ್ನೆ ಮತ್ತೆ ಸಿರಪ್ಪು ಕುಡಿದೆ ಚಿಕ್ಕಮ್ಮ ಎಂದ. ನನ್ನ ಕೈ ತಾನಾಗಿ ಮೇಲಕ್ಕೆ ಹೋಯಿತು, ಹೊಡೆಯಲಿಲ್ಲ. ಹೇಳುವುದಿಲ್ಲ ಎಂದು ಈ ಸಲ ಮಾತು ಕೊಡಲಿಲ್ಲ. ಅಲ್ಲೇ ಅಂಗಳದಲ್ಲಿ ನಿಂತಿದ್ದ ಅಕ್ಕನನ್ನು ಕೂಗಿ, ಅವನ ಎದುರಿಗೇ ಹೇಳಿದೆ. ಅವತ್ತೇ ಮೂವರೂ ತುಮಕೂರಿಗೆ ಹೋದೆವು. ತಾನಾಗಿ ಬಂದು ಹೇಳಿದನಲ್ಲ, ಅದು ದೊಡ್ಡದು ಎಂದು ಡಾಕ್ಟರು ಹೇಳಿದರು. ಬರುವಾಗ ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕದ ಸೀಟಿನಲ್ಲಿ ಕೂತಳು.

ಹೋದ ತಿಂಗಳು ನನಗೆ ಪಾವಗಡದಲ್ಲಿ ಎರಡು ದಿನದ ಶಿಕ್ಷಕರ ತರಬೇತಿ ಬಂತು. ತಪ್ಪಿಸಿಕೊಳ್ಳಲು ಆಗಲಿಲ್ಲ. ಬೆಳಗಿನ ಬಸ್ಸಿಗೆ ಮುಂಚೆ ಎರಡು ಮಾತ್ರೆ ಹಿಡಿದು ಅವಳ ಹೊಸಿಲಿಗೆ ಹೋದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಹೇಗೆ ಕೊಡಬೇಕೆಂದು ನಾನು ಹೇಳಿದ್ದನ್ನೆಲ್ಲ ಕೇಳಿದಳು. ನಾನು ತಿರುಗಿದೆ. ಹಿಂದಿನಿಂದ ಅವಳ ದನಿ ಬಂತು.

“ನೀ ಮದ್ದು ಹಾಕ್ಲಿಲ್ಲ ಅಂತ ನಂಗ್ ಯಾವಾಗ್ಲೋ ಗೊತ್ತಾಯ್ತು ಕಣೇ. ಗೊತ್ತಿದ್ದೂ ದೀಪಾವಳೀಲಿ ನಂಗ್ ಹೇಳ್ಲಿಲ್ವಲ್ಲ. ನಾನ್ ಅವನ ತಾಯಿ ಅಲ್ವಾ?”

ತಲೆ ತಗ್ಗಿಸಿ ಬಸ್ ಸ್ಟ್ಯಾಂಡಿಗೆ ಹೋದೆ. ಮದಲೂರಿನ ಆಚೆ ಸೀರೆಗೆ ಬಿದ್ದ ಉಗುಳು ಇಷ್ಟು ಸುಟ್ಟಿರಲಿಲ್ಲ.

ಬಸ್ಸು ಮಧುಗಿರಿ ಬಿಟ್ಟ ಮೇಲೆ ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಏಳಾಯಿತು, ಏಳೂಕಾಲಾಯಿತು. ಎರಡು ಸಲ ನಂಬರು ಒತ್ತಿ ಕಟ್ ಮಾಡಿದೆ. ಅವಳ ಮಗ, ಅವಳು ನೋಡಿಕೊಳ್ಳುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಏಳೂವರೆಗೆ ಅವಳ ನಂಬರಿನಿಂದ ಒಂದು ಫೋಟೊ ಬಂತು: ಅಗಲವಾಗಿ ತೆರೆದ ಅವನ ಬಾಯಿ, ಮೇಲೆತ್ತಿದ ನಾಲಿಗೆ, ಗದ್ದ ಹಿಡಿದ ಅವಳ ಕೈ. ನಾಲಿಗೆಯ ಕೆಳಗೆ ಏನೂ ಉಳಿದಿರಲಿಲ್ಲ. ಹಿಂದೆಯೇ ಅವಳ ದನಿಯ ಮೆಸೇಜು. ಬಸ್ಸಿನ ಸದ್ದಿನಲ್ಲಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ.

“ಮಂದು ಆಯ್ತು ಕಣೇ” ಎಂದಿದ್ದಳು.